ಪುಟ್ಟ ರೈಲಿಗೆ ಹಿತ್ತಾಳೆಯೇ ಯಾಕೆ?

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದ್ದೀರಾ? ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ ಬಟ್ಟೆಯಲ್ಲಿ ಒರೆಸಿದರೆ ಸಾಕು, ತವರ ನೀರಿನ ಹಾಗೆ ಹರಡಿ ಕಚ್ಚಿಕೊಳ್ಳುತ್ತದೆ. ಮಾದರಿ ರೈಲು ಕಟ್ಟುವವರು ಹಿತ್ತಾಳೆಗೆ ಮರುಳಾಗಿದ್ದೂ ಮುಖ್ಯವಾಗಿ ಇದಕ್ಕೇ. ಬೆಸುಗೆ ಸಲೀಸಾಗಿ ಹಿಡಿಯುತ್ತದೆ, ತಪ್ಪಾದರೆ ಕಾಯಿಸಿ ಬಿಚ್ಚಿ ಮತ್ತೆ ಕೂರಿಸಬಹುದು. ಅಂಟು ಹಾಕಿದ ಪ್ಲಾಸ್ಟಿಕ್‌ನಲ್ಲಿ ಆ ಮಾಫಿ ಇಲ್ಲ.

ಎರಡನೇ ಮಹಾಯುದ್ಧದ ನಂತರ ಜಪಾನಿನ ಕುಶಲಕರ್ಮಿಗಳು ಅಮೆರಿಕದ ಉಗಿ ಎಂಜಿನ್‌ಗಳನ್ನು 1:87 ಅಳತೆಯಲ್ಲಿ ಹಿತ್ತಾಳೆಯಿಂದ ಕಟ್ಟಿ ಅಲ್ಲಿಗೇ ಕಳಿಸುತ್ತಿದ್ದರು. ಟೋಕಿಯೋದ ಗಿಂಜಾದಲ್ಲಿದ್ದ ತೆನ್‌ಶೋಡೋ ಅವರಲ್ಲಿ ಹೆಸರುವಾಸಿ (ಅದು ಗಡಿಯಾರ, ಒಡವೆಗಳ ಅಂಗಡಿಯೂ ಹೌದು, ನಾಜೂಕು ಕೆಲಸ ಗೊತ್ತಿದ್ದವರೇ ಅಲ್ವಾ).

ಈ ಅಳತೆಯಲ್ಲಿ ಬಾಯ್ಲರಿನ 15 ಮಿಲಿಮೀಟರ್ ದಪ್ಪದ ತಗಡು ಬರೀ 0.17 ಮಿಲಿಮೀಟರ್ ಆಗುತ್ತದೆ. ಅಷ್ಟು ತೆಳು ಪ್ಲಾಸ್ಟಿಕ್ ಜೋತು ಬೀಳುತ್ತದೆ, ಹಿತ್ತಾಳೆ ನೆಟ್ಟಗೆ ನಿಲ್ಲುತ್ತದೆ. ತೂಕವೂ ಪ್ಲಾಸ್ಟಿಕ್‌ನ ಸುಮಾರು 8 ಪಟ್ಟು, ಹಾಗಾಗಿ ಚಕ್ರ ಸುಮ್ನೆ ಜಾರದೆ ಹಳಿ ಹಿಡಿದು ಜಾಸ್ತಿ ಡಬ್ಬಿ ಎಳೆಯುತ್ತದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಮೇಲೆ ಕ್ಷಣದಲ್ಲೇ ಆಕ್ಸೈಡ್ ಪದರ ಕೂರುವುದರಿಂದ ಮಾಮೂಲಿ ಬೆಸುಗೆ ಅಂಟುವುದೇ ಇಲ್ಲ. ತಾಮ್ರ ತೀರಾ ಮೆತ್ತಗೆ, ಮೇಲಾಗಿ ಹಿತ್ತಾಳೆಯ ಸುಮಾರು ಮೂರು ಪಟ್ಟು ಶಾಖ ಸಾಗಿಸುತ್ತದೆ, ಕಾಯಿಸಿದ್ದೆಲ್ಲ ಆಚೆ ಹೋಗುತ್ತದೆ.

ಶಾಖದ ಕಾಟ ಹಿತ್ತಾಳೆಯಲ್ಲೂ ಇಲ್ಲದಿಲ್ಲ. ಒಂದು ಕಡೆ ಕೈಕಂಬಿ ಬೆಸೆಯುತ್ತಿದ್ದರೆ ಪಕ್ಕದಲ್ಲಿ ನಿನ್ನೆ ಕೂರಿಸಿದ್ದ ಗಂಟೆ ಟಕ್ ಅಂತ ಉದುರುತ್ತದೆ, ಆಗ ಬಾಯಿಗೆ ಬರುವ ಮಾತು ಬರೆಯುವಂಥದ್ದಲ್ಲ. ಅದಕ್ಕೇ ದೊಡ್ಡ ಭಾಗಗಳನ್ನು ಹೆಚ್ಚು ಬಿಸಿಗೆ ಕರಗುವ ಬೆಸುಗೆಯಿಂದ ಮೊದಲು ಕೂಡಿಸಿ, ಸಣ್ಣಪುಟ್ಟದ್ದನ್ನು ಕಡಿಮೆ ಬಿಸಿಗೆ ಕರಗುವುದರಿಂದ ಆಮೇಲೆ ಸೇರಿಸುತ್ತಾರೆ, ಹತ್ತಿರದ ಜಾಗಕ್ಕೆ ಒದ್ದೆ ಬಟ್ಟೆ ಹೊದಿಸುತ್ತಾರೆ. 60 ಪಾಲು ತವರ, 40 ಪಾಲು ಸೀಸದ ಬೆಸುಗೆ ಸುಮಾರು 190 ಡಿಗ್ರಿಯಲ್ಲಿ ಕರಗುತ್ತದೆ, ಹಿತ್ತಾಳೆ ಕರಗಲು 900 ದಾಟಬೇಕು. ನಡುವೆ ಆಟವಾಡಲು ಬೇಕಾದಷ್ಟು ಜಾಗವಿದೆ.

ಹಳಿ ವಿಷಯದಲ್ಲಿ ಮಾತ್ರ ಹಿತ್ತಾಳೆ ಸೋತಿತು. ಮಾದರಿ ಎಂಜಿನ್‌ಗೆ ಕರೆಂಟ್ ಬರುವುದೇ ಹಳಿಯಿಂದ. ಮಂಕು ಹಿಡಿದ ಹಿತ್ತಾಳೆಯಲ್ಲಿ ಅದು ಸರಿಯಾಗಿ ದಾಟುವುದಿಲ್ಲ. ದೇವರ ದೀಪವಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು, ಮೀಟರುಗಟ್ಟಲೆ ಹಳಿಯನ್ನು ಯಾರು ತಿಕ್ಕುತ್ತಾರೆ? ಹಾಗಾಗಿ ಹಿತ್ತಾಳೆಯ ಎಂಜಿನ್ ಈಗ ಸಾಮಾನ್ಯವಾಗಿ ಓಡುವುದು ಜರ್ಮನ್ ಸಿಲ್ವರ್ ಹಳಿಯ ಮೇಲೆ. ಅದರಲ್ಲಿ ಬೆಳ್ಳಿ ಚೂರೂ ಇಲ್ಲ ಬಿಡಿ, ತಾಮ್ರ ಮತ್ತು ಸತುವಿಗೆ ಒಂದಿಷ್ಟು ನಿಕ್ಕಲ್ ಸೇರಿಸಿರುತ್ತಾರೆ ಅಷ್ಟೇ.