ಮಲಯ ಭಾಷೆಯ ‘ಲಕ್ಸಾ’: ಸಂಖ್ಯೆಯೊಂದು, ಶಾವಿಗೆಯೊಂದು

ಮಲೇಷ್ಯಾ, ಇಂಡೊನೇಷ್ಯಾ ಕಡೆಯ ಮಲಯ ಭಾಷೆಯಲ್ಲಿ ‘ಲಕ್ಸಾ’ ಎಂಬ ಪದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಎರಡು ಅರ್ಥಗಳಿವೆ. ಒಂದು, ಹತ್ತು ಸಾವಿರ ಎಂಬ ಸಂಖ್ಯೆ. ಇನ್ನೊಂದು, ಶಾವಿಗೆ ಮತ್ತು ಅದಕ್ಕೆ ಖಾರದ ಸಾರು ಸುರಿದು ಬಡಿಸುವ ಖಾದ್ಯ. ಕನ್ನಡಿಗರಿಗೆ ‘ಲಕ್ಷ’ ದಿನಬಳಕೆಯ ಮಾತಾದ್ದರಿಂದ ಎರಡರ ಮೂಲವೂ ಅದೇ ಎಂದು ತಟ್ಟನೆ ತೋರುತ್ತದೆ. ಸಂಖ್ಯೆಯ ಮಟ್ಟಿಗೆ ಅದು ನಿಜ. ಶಾವಿಗೆಯ ವಿಷಯದಲ್ಲಿ ಹಾಗೆ ನಿರ್ಣಯಿಸುವ ಮೊದಲು ಸ್ವಲ್ಪ ತಡೆಯಬೇಕು.

ಮೊದಲು ಸಂಖ್ಯೆ. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಪಾಲೆಂಬಾಂಗ್ ಬಳಿ 1920ರಲ್ಲಿ ದೊರೆತ ಕೆಡುಕಾನ್ ಬುಕಿತ್ ಶಾಸನವು ಕ್ರಿ.ಶ. 7ನೆಯ ಶತಮಾನದ್ದು, ಭಾಷೆ ಹಳೆಯ ಮಲಯ, ಲಿಪಿ ಪಲ್ಲವ. ಆ ಕಾಲದ ಸುಮಾತ್ರಾದ ಶ್ರೀವಿಜಯ ರಾಜ್ಯದ ದೊರೆ ಕರೆದೊಯ್ದ ಸೈನ್ಯವನ್ನು ಅದು ‘ವಲ ದುವಾ ಲಕ್ಷ’ (ಬಲ ಎರಡು ‘ಲಕ್ಷ’) ಎಂದು ಎಣಿಸುತ್ತದೆ. ಇಲ್ಲಿನ ‘ವಲ’ ಎಂಬುದು ನಮ್ಮ ‘ಬಲ’ವೇ. ಅದೇ ವಾಕ್ಯದಲ್ಲಿ ಕಾಲ್ನಡಿಗೆಯಲ್ಲಿ ಹೋದವರ ಸಂಖ್ಯೆ 1,312 ಎಂಬುದನ್ನು ‘ಸರಿವು ತ್ಲು ರತುಸ್ ಸಪುಲು ದುವಾ’ ಎಂದು ಹೇಳಿದೆ. ಸಾವಿರ, ಮುನ್ನೂರು, ಹನ್ನೆರಡು ಎಂಬ ಈ ಮಾತುಗಳೆಲ್ಲ ಅಚ್ಚ ದೇಶೀಯ. ಎಂದರೆ ಸಾವಿರದವರೆಗೆ ಸ್ವಂತ ಪದಗಳಿದ್ದ ಭಾಷೆ ಅದರ ಮೇಲಿನ ಸ್ಥಾನಗಳಿಗೆ ಸಂಸ್ಕೃತದ ಕಡೆ ಕೈಚಾಚಿತು.

ಹಾಗೆ ತಂದ ಹೆಸರುಗಳ ಬೆಲೆ ಮಾತ್ರ ಉಳಿಯಲಿಲ್ಲ. ಲಕ್ಷವು ಹತ್ತು ಸಾವಿರವಾಯಿತು. ‘ಕೋಟಿ’ಯಿಂದ ಬಂದ ‘ಕೆತಿ’ ಒಂದು ಲಕ್ಷವಾಯಿತು. ಸಂಸ್ಕೃತದ ದೊಡ್ಡ ಸಂಖ್ಯೆಗಳ ಹೆಸರುಗಳಾದ ಅಯುತ ಅಥವಾ ನಿಯುತದಿಂದ ಬಂದಿದೆಯೆಂದು ಹೇಳಲಾಗುವ ‘ಜುತಾ’ ಹತ್ತು ಲಕ್ಷವಾಯಿತು. ಹತ್ತರ ಪ್ರತಿಯೊಂದು ಮೆಟ್ಟಿಲಿಗೂ ಒಂದೊಂದು ಹೆಸರು ಬೇಕಿದ್ದುದರಿಂದ, ದೊರೆತ ಹೆಸರುಗಳನ್ನು ಸಾವಿರದ ಮೇಲೆ ಸಾಲಾಗಿ ಕೂರಿಸಿದರು ಎಂದು ನನಗನ್ನಿಸುತ್ತದೆ. ಜಾವಾ ಭಾಷೆಯ ಲೆಕ್ಸ, ಕೆಥಿ, ಯುತ ಎಂಬ ಪದಗಳಿಗೂ ಇದೇ ಬೆಲೆಗಳಿವೆ. ಫಿಲಿಪ್ಪೀನ್ಸಿನ ಭಾಷೆಯಾದ ಟಾಗಲಾಗ್‌ನ ಹಳೆಯ ರೂಪದಲ್ಲಿಯೂ ‘ಲಕ್ಸಾ’ ಎಂದರೆ ಹತ್ತು ಸಾವಿರವೇ.

ಇನ್ನು ಶಾವಿಗೆ. ಜಾವಾದಲ್ಲಿ 1391ರ ಬಿಲುಲುಕ್ ಶಾಸನವು ‘ಹಂಗ್ಲಕ್ಸ’ ಎಂಬ ಶಾವಿಗೆ ಮಾಡುವ ಕಸುಬುದಾರರನ್ನು ಹೆಸರಿಸುತ್ತದೆ. ಅಸಂಖ್ಯ ಎಳೆಗಳಿರುವುದರಿಂದ ‘ಲಕ್ಷ’ ಎಂಬ ಹೆಸರು ಬಂತೆಂಬ ವಿವರಣೆ ಕೇಳಲು ಹಿತವಾಗಿದೆ. ಆದರೆ ಪಾರಸಿಯಲ್ಲಿ ಶಾವಿಗೆಗೇ ‘ಲಾಖ್ಶಾ’ ಎಂಬ ಹಳೆಯ ಪದವಿದ್ದು, ರಷ್ಯನ್ ಭಾಷೆಯ ‘ಲಪ್ಶಾ’, ಪೂರ್ವ ಯುರೋಪಿನ ಯಹೂದಿಗಳ ಯಿದ್ದಿಶ್ ಭಾಷೆಯ ‘ಲೋಕ್ಶೆನ್’ ಎಂಬ ಶಾವಿಗೆಯ ಹೆಸರುಗಳನ್ನೂ ಅದರೊಂದಿಗೆ ಸೇರಿಸುತ್ತಾರೆ. ನಾನು ಒಲಿಯುವುದು ಈ ಎರಡನೆಯ ವಿವರಣೆಗೆ. ಅರ್ಥವನ್ನು ಎಳೆದು ಹೊಂದಿಸುವ ಅಗತ್ಯ ಇಲ್ಲಿಲ್ಲ, ಧ್ವನಿಯ ದಾರಿಯೂ ಸಲೀಸಾಗಿದೆ: ಹೊರಗಿನಿಂದ ಬಂದ ‘ಖ್’ ಮಲಯದಲ್ಲಿ ‘ಕ್’ ಆಗುತ್ತದೆ (ಖಬರ್ – ಕಬಾರ್), ‘ಶ್’ ಎಂಬುದು ‘ಸ್’ ಆಗುತ್ತದೆ. ಸಂಸ್ಕೃತದ ‘ಕ್ಷ’ ಕೂಡ ‘ಕ್ಸ’ ಆಗುತ್ತದೆಂಬುದಕ್ಕೆ ರಾಕ್ಷಸ – ರಕ್ಸಾಸ, ಲಕ್ಷ್ಮಣ – ಲಕ್ಸಮಾನ ಸಾಕ್ಷಿ. ಹೀಗೆ ಎರಡು ದೂರದ ಪದಗಳು ಒಂದೇ ರೂಪಕ್ಕೆ ಬಂದು ನಿಲ್ಲುವುದು ಅಸಹಜವಲ್ಲ.

ಮಲೇಷ್ಯಾದ ಪೆನಾಂಗಿನ ಹುಣಸೆ-ಮೀನಿನ ಸಾರಿನ ‘ಅಸಮ್ ಲಕ್ಸಾ’ಗೂ ತೆಂಗಿನ ಹಾಲು ಬೆರೆತ ‘ಕರಿ ಲಕ್ಸಾ’ಗೂ ರುಚಿಯಲ್ಲಿ ಹೋಲಿಕೆಯೇ ಇಲ್ಲ, ಹೆಸರು ಶಾವಿಗೆಯದೇ ಹೊರತು ಸಾರಿನದಲ್ಲ ಎಂಬುದಕ್ಕೆ ಇದೂ ಒಂದು ಸೂಚನೆ.

ಓದುವಾಗ ಗಮನಿಸಬೇಕಾದದ್ದು: ‘ಸೆಮಂಗ್ಕುಕ್ ಲಕ್ಸಾ’ ಎಂದರೆ ಒಂದು ಬಟ್ಟಲು ಶಾವಿಗೆ, ‘ಸೆಲಕ್ಸಾ’ ಎಂದರೆ ಹತ್ತು ಸಾವಿರ. ಇಂದಿನ ಲೆಕ್ಕದಲ್ಲಿ ‘ಸೆಪುಲುಹ್ ರಿಬು’ (ಹತ್ತು ಸಾವಿರ) ಎಂದೇ ಹೇಳುತ್ತಾರೆ. ‘ಬೆರ್‌ಲಕ್ಸಾ-ಲಕ್ಸಾ’ ಎಂಬ ರೂಪ ಮಾತ್ರ ‘ಎಣಿಸಲಾಗದಷ್ಟು’ ಎಂಬರ್ಥದಲ್ಲಿ ಬರವಣಿಗೆಯಲ್ಲಿ ಉಳಿದಿದೆ. ಹಿಕಾಯತ್ ಎಂಬ ಹಳೆಯ ಮಲಯ ಗದ್ಯಕಥೆಗಳಲ್ಲಿ ‘ತಿಗಾ ಲಕ್ಸಾ’ (ಮೂರು ಲಕ್ಸಾ) ಸೈನಿಕರು ಎಂದಿದ್ದರೆ ಅದನ್ನು ಮೂರು ಲಕ್ಷವೆಂದು ಓದದೆ 30,000 ಎಂದೇ ಓದಬೇಕು.