ಸತ್ತ ಮಂಗನಿಗೆ ಹೂವು ಹಾಕುವ ಮೊದಲು

ಜನವರಿ ಹುಟ್ಟಿತೆಂದರೆ ನನ್ನ ಮೊಬೈಲಿಗೆ ಒಂದು ಬಗೆಯ ಕರೆಗಳು ಶುರುವಾಗುತ್ತವೆ. "ಡಾಕ್ಟರೇ, ಮೊನ್ನೆ ನಮ್ಮ ತೋಟದ ಮೇಲ್ಗಡೆ ಒಂದು ಮಂಗ ಸತ್ತಿತ್ತು" ಎಂದು ಮಾತು ಮೊದಲಾಗುತ್ತದೆ. ಈಗ ಎಲ್ಲಿದೆ ಎಂದು ಕೇಳಿದರೆ, "ಹಾಗೇ ಬಿಡಲಿಕ್ಕಾಗುತ್ತದೆಯೇ? ಹನುಮಂತನಲ್ಲವೇ! ಊರಿಗೆ ತಂದು, ನೀರು ಹಾಕಿ, ಹೂವಿನ ಹಾರ ಹಾಕಿ, ದೇವಸ್ಥಾನದ ಹಿಂದೆ ಮಣ್ಣು ಮಾಡಿದೆವು. ಭಜನೆಯೂ ಆಯಿತು" ಎನ್ನುತ್ತಾರೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. "ಅಡಿಕೆ ಸಿಂಗಾರ ಕಿತ್ತು ಹಾಳು ಮಾಡಿದ್ದು ಸಾಕಾಗಿತ್ತು. ಆಳಿನ ಕೈಯಲ್ಲಿ ಕಾಲು ಹಿಡಿದು ಎಳೆಸಿ ಹಳ್ಳಕ್ಕೆ ಹಾಕಿಸಿದೆ." ಭಕ್ತಿಯಿಂದ ಹೊತ್ತವರಿಗೂ ಸಿಟ್ಟಿನಿಂದ ಎಳೆಸಿದವರಿಗೂ ನಾನು ಹೇಳಬೇಕಾದದ್ದು ಒಂದೇ, ಆದರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಮಲೆನಾಡಿನಲ್ಲಿ ಪಶುವೈದ್ಯನಾಗಿರುವವನಿಗೆ ದನದ ಹೆರಿಗೆ, ಕೆಚ್ಚಲು ಬಾವುಗಳಷ್ಟೇ ಮಂಗನ ಶವಪರೀಕ್ಷೆಯೂ ಕೆಲಸದ ಭಾಗ. ಮಂಗನ ಕಾಯಿಲೆ ಎಂದರೇನೆಂದು ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳೂ ಮನುಷ್ಯರೂ ಒಟ್ಟೊಟ್ಟಿಗೆ ಸಾಯತೊಡಗಿದಾಗ ಇದು ಹಳದಿ ಜ್ವರವಿರಬಹುದೇ ಎಂದು ವಿಜ್ಞಾನಿಗಳು ಹೌಹಾರಿದ್ದರು. ಪುಣೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದು ಹೊಸ ವೈರಾಣು, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ (ಪ್ರಾಣಿಗಳ ಮೈಗೆ ಅಂಟಿ ರಕ್ತ ಕುಡಿಯುವ ಉಣ್ಣಿ) ಹರಡುವ ಮೆದುಳು ಜ್ವರದ ವೈರಾಣುವಿನ ಹತ್ತಿರದ ಸಂಬಂಧಿ ಎಂದು ತಿಳಿಯಿತು. ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿದ್ದು ಹೀಗೆ.

ಊರಿನವರು ಇಟ್ಟ ಹೆಸರು ಮಾತ್ರ ಮಂಗನದಾಯಿತು. ತಪ್ಪು ಮಂಗನದೇ ಎಂಬ ಭಾವನೆ ಅಲ್ಲಿಂದಲೇ ಬೇರು ಬಿಟ್ಟಿರಬೇಕು. ಮಂಗ ಕಚ್ಚಿದರೆ ಬರುತ್ತದೆಯೇ, ಮಂಗ ತಿಂದುಳಿಸಿದ ಬಾಳೆಹಣ್ಣಿನಿಂದ ಬರುತ್ತದೆಯೇ, ಮಂಗಗಳನ್ನೆಲ್ಲ ಹಿಡಿದು ದೂರ ಬಿಟ್ಟುಬಂದರೆ ರೋಗ ನಿಲ್ಲುವುದಿಲ್ಲವೇ ಎಂದು ಓದಿದವರೂ ಕೇಳುತ್ತಾರೆ. ದಯವಿಟ್ಟು ಇದನ್ನೊಂದು ಮನಸ್ಸಿನಲ್ಲಿಟ್ಟುಕೊಳ್ಳಿ: ನಿಮಗೆ ರೋಗ ಕೊಡುವುದು ಉಣುಗು. ಅದೇ ಉಣುಗು ಮಂಗನಿಗೂ ರೋಗ ಕೊಟ್ಟಿರುತ್ತದೆ, ಪಾಪ ಅದು ನಿಮಗಿಂತ ಮೊದಲು ಸತ್ತಿರುತ್ತದೆ.

ಹಾಗಾದರೆ ಸತ್ತ ಮಂಗನನ್ನು ಕಂಡು ಯಾಕೆ ಹೆದರಬೇಕು? ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಉಣುಗಿನ ಬದುಕಿಗೆ ಒಂದು ಕಾಲಚಕ್ರವಿದೆ. ಮುಂಗಾರು ಹಿಡಿದ ಮೇಲೆ ದೊಡ್ಡ ಉಣುಗುಗಳು ಹೆಚ್ಚಾಗುತ್ತವೆ, ಅವು ಮೇಯಲು ಹೋದ ದನಗಳಂಥ ದೊಡ್ಡ ಪ್ರಾಣಿಗಳಿಗೆ ಹತ್ತುತ್ತವೆ. ರಕ್ತ ಕುಡಿದು ಊದಿದ ಹೆಣ್ಣು ನೆಲಕ್ಕೆ ಉದುರಿ ತರಗೆಲೆಯ ಅಡಿಯಲ್ಲಿ ರಾಶಿ ಮೊಟ್ಟೆ ಇಡುತ್ತದೆ. ಮಳೆ ಹಿಂದಾದ ಮೇಲೆ ಅದರಿಂದ ಮರಿಗಳು ಹೊರಬಂದು ಇಲಿ, ಸುಂಡಿಲಿ, ಹಕ್ಕಿ, ಮಂಗ, ಹೀಗೆ ಹತ್ತಿರ ಸುಳಿದ ಜೀವಿಗೆ ಅಂಟಿಕೊಳ್ಳುತ್ತವೆ. ಆ ಜೀವಿಯ ರಕ್ತದಲ್ಲಿ ವೈರಾಣು ಇದ್ದರೆ ಮರಿಯ ಒಡಲಿಗೂ ಅದು ಸೇರಿತು. ಮರಿ ಉದುರಿ, ಪೊರೆ ಕಳಚಿ, ಎಳೆಯ ಉಣುಗಾಗುವ ಹೊತ್ತಿಗೆ ಡಿಸೆಂಬರ್, ಜನವರಿ. ಎಳ್ಳಿನ ಕಾಳಿಗಿಂತ ದೊಡ್ಡದೇನಲ್ಲದ ಈ ಎಳೆಯ ಉಣುಗೇ ಮನುಷ್ಯರಿಗೆ ಕಚ್ಚುವುದು. ಮೇ ತಿಂಗಳವರೆಗೂ ಇದರ ಕಾಲ.

ಮಂಗನ ಮೈಯಲ್ಲಿ ಈ ವೈರಾಣು ವಿಪರೀತ ಬೆಳೆಯುತ್ತದೆ. ಜ್ವರ ಬಂದು ಸೊರಗಿದ ಮಂಗ ಮರ ಹತ್ತಲಾರದೆ ನೆಲದಲ್ಲಿ ಕೂರುತ್ತದೆ, ಅದಕ್ಕೆ ಇನ್ನಷ್ಟು ಉಣುಗು ಹತ್ತುತ್ತವೆ. ಅದು ಸಾಯುತ್ತದೆ. ಮೈ ತಣ್ಣಗಾಗುತ್ತದೆ. ತಣ್ಣಗಾದ ಮೈಯಲ್ಲಿ ಉಣುಗಿಗೆ ಕೆಲಸವಿಲ್ಲ, ಅದು ಇಳಿಯುತ್ತದೆ. ಇಳಿದದ್ದು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಅದಕ್ಕೆ ರೆಕ್ಕೆಯಿಲ್ಲ, ಜಿಗಿಯಲು ಬರುವುದಿಲ್ಲ. ಬಿದ್ದಲ್ಲೇ ಎಲೆಯ ಸಂದಿಯಲ್ಲಿ ಕಾಯುತ್ತದೆ, ಪೊರೆ ಕಳಚುತ್ತದೆ, ಹುಲ್ಲಿನ ತುದಿಗೆ ಹತ್ತಿ ಮುಂಗಾಲು ಚಾಚಿ ಕೂರುತ್ತದೆ. ನೀವು ಶವವನ್ನು ಎತ್ತಿಕೊಂಡು ಹೋದರೂ ಹೂತರೂ ಸುಟ್ಟರೂ ಇಳಿದ ಉಣುಗು ಆ ಜಾಗದಲ್ಲಿ ವಾರಗಟ್ಟಲೆ ಇದ್ದೇ ಇರುತ್ತದೆ.

ಅಂದರೆ ಅಪಾಯ ಇರುವುದು ಶವದಲ್ಲಿ ಮಾತ್ರವಲ್ಲ, ಜಾಗದಲ್ಲಿ. ಇದನ್ನು ಗ್ರಾಮಸಭೆಗಳಲ್ಲಿ ಎಷ್ಟು ಸಲ ಹೇಳಿದರೂ ಸಭೆ ಮುಗಿದ ಮೇಲೆ ಒಬ್ಬರು ಹತ್ತಿರ ಬಂದು, "ಹಾಗಾದರೆ ಹೆಣ ತೆಗೆದ ಮೇಲೆ ಹೋಗಬಹುದಲ್ಲ ಡಾಕ್ಟರೇ?" ಎಂದು ಕೇಳುತ್ತಾರೆ. ಹೋಗಬಾರದು. ಮಂಗ ಸತ್ತ ಸುದ್ದಿ ಬಂದರೆ ನಾವು ಅದರ ಸುತ್ತ 50 ಮೀಟರ್ ದೂರದವರೆಗೆ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಉದುರಿಸುವುದು ಇದೇ ಕಾರಣಕ್ಕೆ. ವಾಸನೆ ಮುಚ್ಚಲಿಕ್ಕೆ ಎಂದು ಹಲವರು ತಿಳಿದಿದ್ದಾರೆ!

ಈಗ ಮೆರವಣಿಗೆಯ ವಿಷಯಕ್ಕೆ ಬರುತ್ತೇನೆ. ಕಾಡಿನ ಮೂಲೆಯಲ್ಲಿ ಬಿದ್ದಿದ್ದ ಮಂಗನನ್ನು ಗೋಣಿಯಲ್ಲಿ ಹೊತ್ತು ಊರೊಳಕ್ಕೆ ತಂದಿರಿ ಎಂದುಕೊಳ್ಳಿ. ದಾರಿಯುದ್ದಕ್ಕೂ ಉಣುಗು ಉದುರಿತು, ಹೊತ್ತವರ ಹೆಗಲಿಗೆ ಹತ್ತಿತು, ದೇವಸ್ಥಾನದ ಹಿಂದಿನ ಹುಲ್ಲಿಗೆ ಇಳಿಯಿತು. ಯಾರೂ ಹೆಚ್ಚಾಗಿ ಓಡಾಡದ ಕಾಡಿನಲ್ಲಿದ್ದ ಅಪಾಯ ಮಕ್ಕಳು ಆಡುವ ಜಾಗಕ್ಕೆ ಬಂದಂತಾಯಿತು. ಇದರ ಜೊತೆಗೆ ಸತ್ತ ಮಂಗನ ರಕ್ತ, ದ್ರವಗಳಲ್ಲೂ ವೈರಾಣು ಇರುತ್ತದೆ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಕಾಯಿಲೆ ಬಿದ್ದವರು ಆ ಮಂಗಗಳನ್ನು ಮುಟ್ಟಿ ಸುಡುವ ಕೆಲಸದಲ್ಲಿದ್ದವರೇ. ಅದುವರೆಗೆ ಚಾಮರಾಜನಗರ ಜಿಲ್ಲೆಯಲ್ಲಿ ಈ ಕಾಯಿಲೆಯ ಮಾತೇ ಇರಲಿಲ್ಲ. ಗಂಬೂಟು, ಕೈಗವಸು, ಮುಖಗವಸು ಧರಿಸಿಯೇ ನಾವು ಮಂಗನ ಹತ್ತಿರ ಹೋಗುತ್ತೇವೆ. ಮಾರ್ಚ್ ಬಿಸಿಲಿನಲ್ಲಿ ಆ ಉಡುಪಿನೊಳಗೆ ಬೆವರು ಕಣ್ಣಿಗಿಳಿಯುತ್ತದೆ. ಅಷ್ಟು ದೂರದಲ್ಲಿ ಬರಿಮೈ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ನಿಂತವರು, "ಇಷ್ಟೆಲ್ಲ ಬೇಕೇ?" ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಭಕ್ತಿಯನ್ನು ನಾನು ಹೀಗಳೆಯುವವನಲ್ಲ. ಸಾಗರದ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬರು ಅಜ್ಜಿ ನಮ್ಮ ದಾರಿಗೆ ಅಡ್ಡ ನಿಂತರು. ಸತ್ತದ್ದು ಒಂದು ಮುಸಿಯ, ಕಪ್ಪು ಮೋರೆಯ ಉದ್ದ ಬಾಲದ ಮಂಗ. ದಿನಾ ಅವರ ಅಂಗಳದ ಹಲಸಿನ ಮರಕ್ಕೆ ಬರುತ್ತಿದ್ದ ಗುಂಪಿನದು. "ಮುಟ್ಟಬೇಡಿ ಎನ್ನುತ್ತೀರಿ, ಹೂಳಬೇಡಿ ಎನ್ನುತ್ತೀರಿ. ಹಾಗಾದರೆ ನಾಯಿಯ ಹಾಗೆ ಬಿಡಬೇಕೇನಪ್ಪ?" ಎಂದರು. ಬಿಡುವುದಿಲ್ಲ ಅಜ್ಜಿ, ಮಾದರಿ ತೆಗೆದುಕೊಂಡ ಮೇಲೆ ಕಟ್ಟಿಗೆ ಒಟ್ಟಿ ಸುಡುತ್ತೇವೆ, ಅಗ್ನಿಸಂಸ್ಕಾರವೇ ಆಯಿತಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಒಳಗೆ ಹೋದರು. ಒಂದು ಹಿಡಿ ತುಳಸಿಯನ್ನು ಎಲೆಯಲ್ಲಿ ಕಟ್ಟಿ ತಂದು ನನ್ನ ಸಹಾಯಕನ ಕೈಗೆ ಕೊಟ್ಟರು, ತಾವು ರಸ್ತೆಯಲ್ಲೇ ನಿಂತು ಕೈ ಮುಗಿದರು. ಆ ಊರಿನಲ್ಲಿ ಅಂದಿನಿಂದ ಯಾವ ಮಂಗ ಸತ್ತರೂ ಮೊದಲು ಸುದ್ದಿ ಕೊಡುವುದು ಅವರ ಮನೆಯವರೇ. ಭಯ ಹುಟ್ಟಿಸುವ ಭಾಷಣಗಳಿಗಿಂತ ಆ ತುಳಸಿ ಎಲೆಯ ಕಟ್ಟು ಹೆಚ್ಚು ಕೆಲಸ ಮಾಡಿತು.

ಉಣುಗು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಜನ ನಂಬುವುದಿಲ್ಲ. ಅದಕ್ಕೆ ನಾವು ಒಂದು ಕೆಲಸ ಮಾಡುತ್ತೇವೆ. ಒಂದು ಬಿಳಿ ಉಣ್ಣೆಬಟ್ಟೆಯನ್ನು ಕೋಲಿಗೆ ಕಟ್ಟಿ ತರಗೆಲೆಯ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗುತ್ತೇವೆ. ಉಣುಗುಗಳನ್ನು ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳುಹಿಸುವ ಕ್ರಮವಿದು. ಬಟ್ಟೆ ಎತ್ತಿ ಬಿಸಿಲಿಗೆ ಹಿಡಿದರೆ ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ತಾಳಿ ನೋಡಿದರೆ ಕಂದು ಚುಕ್ಕೆಗಳು ಒಂದೊಂದಾಗಿ ನಡೆಯತೊಡಗುತ್ತವೆ. ದರಗು, ಅಂದರೆ ಒಣ ತರಗೆಲೆ, ಗುಡಿಸಲು ದಿನವೂ ಅದೇ ಜಾಗಕ್ಕೆ ಬರುತ್ತಿದ್ದ ಹೆಂಗಸರಿಗೆ ಒಮ್ಮೆ ಆ ಬಟ್ಟೆ ತೋರಿಸಿದೆ. ಯಾರೂ ಮಾತಾಡಲಿಲ್ಲ. ಒಬ್ಬರು ಸೀರೆಯ ನೆರಿಗೆ ಕೊಡವಿಕೊಳ್ಳುತ್ತಾ ರಸ್ತೆಗೆ ಹೋಗಿ ನಿಂತರು.

ದರಗಿನ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಿದೆ. ಮಲೆನಾಡಿನ ಅಡಿಕೆ ತೋಟ ನಿಂತಿರುವುದೇ ಸೊಪ್ಪಿನಬೆಟ್ಟದ ಮೇಲೆ. ಕಾಡಿನ ಸೊಪ್ಪು, ತರಗೆಲೆ ಕೊಟ್ಟಿಗೆಗೆ ಬರಬೇಕು, ದನ ತುಳಿಯಬೇಕು, ಗೊಬ್ಬರವಾಗಬೇಕು, ತೋಟಕ್ಕೆ ಹೋಗಬೇಕು. ಎಲೆ ಉದುರುವುದು ಡಿಸೆಂಬರಿನಿಂದ ಮಾರ್ಚ್‌ವರೆಗೆ, ಎಳೆಯ ಉಣುಗಿನ ಕಾಲವೂ ಅದೇ. ಕಾಡಿಗೆ ಹೋಗಬೇಡಿ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವುದು ಸುಲಭ. ದರಗು ತರದವನ ತೋಟಕ್ಕೆ ಗೊಬ್ಬರ ಎಲ್ಲಿಂದ ಬರಬೇಕು? ಆದ್ದರಿಂದ ನಾನು ಹೋಗಲೇಬೇಡಿ ಎನ್ನುವುದಿಲ್ಲ. ಮಂಗ ಸತ್ತ ಕಡೆಗೆ ಆ ವರ್ಷ ಹೋಗಬೇಡಿ. ಬೇರೆ ಕಡೆ ಹೋಗುವಾಗ ಆಶಾ ಕಾರ್ಯಕರ್ತೆಯರು ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮೈ ತುಂಬ ಬಟ್ಟೆ ಇರಲಿ, ತರಗೆಲೆಯ ಮೇಲೆ ಕೂತು ಎಲೆಯಡಿಕೆ ಹಾಕಬೇಡಿ, ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ತಂದ ದರಗನ್ನು ಮಲಗುವ ಕೋಣೆಯ ಗೋಡೆಗೆ ತಾಗಿಸಿ ಒಟ್ಟಬೇಡಿ.

ನಮ್ಮ ನಡೆಗೂ ಈ ರೋಗಕ್ಕೂ ಇರುವ ನಂಟು ದರಗಿಗಷ್ಟೇ ಮುಗಿಯುವುದಿಲ್ಲ. ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಬಳಿ 1982ರಲ್ಲಿ ಗೇರು ತೋಟಕ್ಕೆಂದು ದೊಡ್ಡ ಕಾಡನ್ನು ಕಡಿದರು. ಅದರ ಬೆನ್ನಿಗೆ ಮಂಗಗಳು ಸತ್ತವು, ಮರುವರ್ಷ ಅದುವರೆಗೆ ಕಂಡಿರದಷ್ಟು ದೊಡ್ಡ ಪ್ರಮಾಣದಲ್ಲಿ ಜನ ಕಾಯಿಲೆ ಬಿದ್ದರು. ಕಾಡು ಕಡಿದದ್ದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ದಟ್ಟ ಕಾಡು ಚೂರುಚೂರಾಗಿ, ನಡುನಡುವೆ ತೋಟ, ಮನೆ, ದನದ ದಾರಿ ಹುಟ್ಟಿಕೊಂಡಾಗ ಉಣುಗು, ಮಂಗ, ದನ, ಮನುಷ್ಯ ನಾಲ್ವರೂ ಒಂದೇ ಅಂಚಿನಲ್ಲಿ ಸೇರುತ್ತಾರೆ ಎಂಬುದು ನಮ್ಮ ಸುತ್ತಲೇ ಕಾಣುತ್ತದೆ. ದನ ಈ ಕಾಯಿಲೆಯಿಂದ ನರಳುವುದಿಲ್ಲ, ಆದರೆ ದೊಡ್ಡ ಉಣುಗಿಗೆ ಅನ್ನ ಹಾಕುವುದು ಅದೇ. ಕಾಡಂಚಿನಲ್ಲಿ ದನ ಹೆಚ್ಚಾದಷ್ಟೂ ಮೊಟ್ಟೆ ಹೆಚ್ಚು. ಹಾಗಾಗಿ ದನದ ಮೈಗೆ ಉಣುಗಿನ ಔಷಧ ಹಾಕಿಸುವ ಕೆಲಸ ಮಾರ್ಚ್‌ನಲ್ಲಿ ಪತ್ರಿಕೆಯಲ್ಲಿ ಸಾವಿನ ಸುದ್ದಿ ಬಂದ ಮೇಲೆ ನೆನಪಾದರೆ ಸಾಲದು, ಮಳೆಗಾಲದಲ್ಲೇ ಶುರುವಾಗಬೇಕು ಎನ್ನುವುದು ನನ್ನ ಅಭಿಪ್ರಾಯ. ಆಗ ಯಾರೂ ಕೇಳಿಕೊಂಡು ಬರುವುದಿಲ್ಲ. ಮಂಗನನ್ನು ಹಿಡಿದು ಇನ್ನೊಂದು ಕಾಡಿಗೆ ಬಿಡುವವರಿಗೂ ಇದನ್ನೇ ಹೇಳುವುದು: ಮಂಗನ ಜೊತೆ ಅದರ ಉಣುಗನ್ನೂ ಸಾಗಿಸುತ್ತಿದ್ದೀರಿ.

ನಾನು ಪಶುವೈದ್ಯ, ಮನುಷ್ಯರ ಜ್ವರಕ್ಕೆ ಮದ್ದು ಹೇಳುವುದು ನನ್ನ ಕೆಲಸವಲ್ಲ. ಸತ್ತ ಮಂಗಗಳೆಲ್ಲ ಇದೇ ಕಾಯಿಲೆಯಿಂದ ಸತ್ತವೂ ಅಲ್ಲ. ವಿದ್ಯುತ್ ತಂತಿ ತಾಗಿ ಸತ್ತದ್ದು, ನಾಯಿ ಕಚ್ಚಿ ಸತ್ತದ್ದು ಎಷ್ಟೋ. ಕಾಡಂಚಿನ ಪ್ರತಿ ಜ್ವರವೂ ಇದೇ ಅಲ್ಲ, ಡೆಂಗಿ ಇರಬಹುದು, ಇಲಿಜ್ವರ ಇರಬಹುದು. ಪರೀಕ್ಷೆಯಾಗದೆ ತಿಳಿಯುವುದಿಲ್ಲ. ಆದರೂ ಕಾಡಿಗೆ ಹೋಗಿ ಬಂದವರಿಗೆ ಕೆಲವೇ ದಿನಗಳಲ್ಲಿ ಏಕಾಏಕಿ ಜ್ವರ, ಹಣೆ ಒಡೆಯುವಂಥ ತಲೆನೋವು, ಸೊಂಟ ಮೀನಖಂಡಗಳ ನೋವು, ಕಣ್ಣು ಕೆಂಪಾಗುವುದು ಕಂಡರೆ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ ಎಂದು ಬಾಯಿ ಬಿಟ್ಟು ಹೇಳಿ. ಕದ್ದು ಕಟ್ಟಿಗೆ ತಂದವರು ಅದನ್ನು ವೈದ್ಯರಿಂದಲೂ ಮುಚ್ಚಿಡುತ್ತಾರೆ. ವೈದ್ಯರು ಅರಣ್ಯ ಇಲಾಖೆಯವರಲ್ಲ. ಜ್ವರ ಬಿಟ್ಟು ವಾರ ಕಳೆದ ಮೇಲೆ ಕೆಲವರಿಗೆ ಅದು ಮರಳಿ ಬಂದು ಮೆದುಳಿಗೆ ಏರುವುದೂ ಉಂಟು, ಗುಣವಾಯಿತೆಂದು ಗದ್ದೆಗೆ ಇಳಿಯುವ ಮೊದಲು ವೈದ್ಯರನ್ನು ಕೇಳಿ. ಈ ವೈರಾಣುವನ್ನೇ ಕೊಲ್ಲುವ ಔಷಧ ಇಲ್ಲ, ಹೊತ್ತಿಗೆ ಸರಿಯಾಗಿ ಸಿಗುವ ಆರೈಕೆಯೇ ಜೀವ ಉಳಿಸುವುದು. ಮೂರು ದಶಕ ಕೊಟ್ಟ ಹಳೆಯ ಲಸಿಕೆಯೂ ಪರಿಣಾಮ ಸಾಲದೆಂದು ನಿಂತಿದೆ, ಹೊಸದರ ಕೆಲಸ ನಡೆಯುತ್ತಿದೆ.

ಅರಣ್ಯ ಇಲಾಖೆಯ ಭಯ ಮಂಗನ ವಿಷಯದಲ್ಲೂ ಇದೆ. ವನ್ಯಜೀವಿ ಕಾಯ್ದೆಯಡಿ ನನ್ನ ಮೇಲೇ ಪ್ರಕರಣ ಹಾಕಿದರೆ ಎಂದು ಹೆದರಿ ರಾತ್ರೋರಾತ್ರಿ ಹೂಳುವವರಿದ್ದಾರೆ. ಸತ್ತ ಮಂಗನ ಸುದ್ದಿ ಕೊಟ್ಟ ತಪ್ಪಿಗೆ ಪ್ರಕರಣವಾದದ್ದನ್ನು ನಾನು ನೋಡಿಲ್ಲ. ಪಶು ಆಸ್ಪತ್ರೆಗೋ ಆರೋಗ್ಯ ಕೇಂದ್ರಕ್ಕೋ ಅರಣ್ಯ ಕಚೇರಿಗೋ, ನಂಬರ್ ಯಾವುದಿದೆಯೋ ಅದಕ್ಕೆ ಕರೆ ಮಾಡಿ. ಶವ ಬೇಗ ಸಿಕ್ಕರೆ ಮಾದರಿ ಚೆನ್ನಾಗಿ ಸಿಗುತ್ತದೆ, ಕೊಳೆತರೆ ಪ್ರಯೋಗಾಲಯಕ್ಕೆ ಕಳುಹಿಸಿಯೂ ಉಪಯೋಗ ಕಡಿಮೆ. ಯಾವ ಊರು, ಯಾರ ತೋಟದ ಮೇಲೆ, ರಸ್ತೆಯಿಂದ ಎಷ್ಟು ದೂರ ಎಂದು ಹೇಳಿ. ಮೊದಲು ಕಂಡದ್ದು ಯಾವಾಗ ಎಂದು ಹೇಳಿ. ಯಾರಾದರೂ ಮುಟ್ಟಿದ್ದರೆ, ನಾಯಿ ಎಳೆದಾಡಿದ್ದರೆ, ಮಕ್ಕಳು ಹತ್ತಿರ ಹೋಗಿದ್ದರೆ ಮುಚ್ಚಿಡದೆ ಅವರ ಹೆಸರು ಹೇಳಿ. ನಾವು ಬರುವವರೆಗೆ ಆ ದಾರಿಗೆ ಒಂದು ಮುಳ್ಳುಕೊಂಬೆ ಅಡ್ಡ ಇಟ್ಟು, ನೀವು ರಸ್ತೆಯಲ್ಲಿ ನಿಂತಿದ್ದರೆ ಸಾಕು.