ಮೊಬೈಲನ್ನು ದೂರ ಹಿಡಿದು ಓದುವ ವಯಸ್ಸು

ದೂರದ ಬಸ್ಸಿನ ಬೋರ್ಡು ಸಲೀಸಾಗಿ ಓದುತ್ತೀರಿ. ಮಾತ್ರೆ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಮಾತ್ರ ಕಾಣುವುದಿಲ್ಲ. ಕೈ ಚಾಚಿ ಹಿಡಿದರೆ ಪರವಾಗಿಲ್ಲ, ಬಿಸಿಲಿಗೆ ತಂದರೆ ಇನ್ನೂ ಸ್ಪಷ್ಟ, ರಾತ್ರಿ ದೀಪದಲ್ಲಿ ಪೂರ್ತಿ ಮಸುಕು. ನಲವತ್ತರ ಆಸುಪಾಸಿನಲ್ಲಿ ನನ್ನ ಬಳಿ ತಪಾಸಣೆಗೆ ಬರುವ ಬಹಳಷ್ಟು ಜನ ಹೇಳುವುದು ಇದನ್ನೇ. ಇದೇ ಚಾಳೀಸು. ಯಾರಿಗೂ ತಪ್ಪಿದ್ದಲ್ಲ.

ಕಣ್ಣಿನ ಪಾಪೆಯ ಹಿಂದೆ ಒಂದು ಮಸೂರ ಇದೆ. ಹತ್ತಿರದ್ದನ್ನು ನೋಡುವಾಗ ಅದರ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಮಸೂರವನ್ನು ಹಿಡಿದ ಎಳೆಗಳು ಸಡಿಲವಾಗುತ್ತವೆ, ಮಸೂರ ಉಬ್ಬುತ್ತದೆ. ಆಗ ಹತ್ತಿರದ ಅಕ್ಷರ ಸ್ಪಷ್ಟ. ಆದರೆ ಈ ಮಸೂರ ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಹೊಸ ಪದರ ಮೇಲೆ ಸೇರುತ್ತದೆ, ಹಳೆಯದು ಉದುರಿಹೋಗದೆ ಒಳಗೇ ಒತ್ತಿಕೊಂಡು ಬಿರುಸಾಗುತ್ತದೆ. ಎಳೆ ತಾಟಿನುಂಗು ಬೆರಳಿಗೆ ಬಳುಕುತ್ತದೆ, ಬಲಿತದ್ದು ಬಗ್ಗುವುದಿಲ್ಲ, ಹಾಗೇ ಇದೂ. ಹತ್ತು ವರ್ಷದ ಮಗುವಿನ ಕಣ್ಣಿಗೆ ಸುಮಾರು 14 ಡಯಾಪ್ಟರ್‌ನಷ್ಟು (ಕನ್ನಡಕದ ನಂಬರ್ ಅಳೆಯುವುದೂ ಇದೇ ಲೆಕ್ಕದಲ್ಲಿ) ಫೋಕಸ್ ಬದಲಿಸುವ ಶಕ್ತಿ ಇರುತ್ತದೆ. 45ರ ಹೊತ್ತಿಗೆ ಅದು 3–4ಕ್ಕೆ ಇಳಿಯುತ್ತದೆ. 60 ದಾಟಿದ ಮೇಲೆ 1 ಉಳಿದರೆ ಹೆಚ್ಚು. 40 ಸೆಂ.ಮೀ. ದೂರದಲ್ಲಿ ಪುಸ್ತಕ ಹಿಡಿದು ಓದಲು 2.5 ಬೇಕು. ಇದ್ದ ಶಕ್ತಿಯನ್ನೆಲ್ಲ ಹಾಕಿ ತುಂಬ ಹೊತ್ತು ಓದಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಅಕ್ಷರ ಇನ್ನೂ ಕಾಣುತ್ತಿರುವಾಗಲೇ ಹಣೆ ನೋವು, ಕಣ್ಣು ಭಾರ ಶುರುವಾಗುತ್ತದೆ.

ಬಿಸಿಲಲ್ಲಿ ಓದಲು ಸುಲಭ ಯಾಕೆಂದರೆ ಆಗ ಪಾಪೆ ಕಿರಿದಾಗುತ್ತದೆ. ಫೋಕಸ್ ಸ್ವಲ್ಪ ತಪ್ಪಿದರೂ ಮಸುಕು ಗೊತ್ತಾಗುವುದಿಲ್ಲ. 2024ರಲ್ಲಿ ಕನ್ನಡಕ ಬಿಡಿಸುವ ಹನಿ ಅಂತ ದೊಡ್ಡ ಸುದ್ದಿಯಾಯಿತಲ್ಲ, ಪೈಲೊಕಾರ್ಪಿನ್ ಹನಿ, ಅದು ಮಾಡುವುದೂ ಇಷ್ಟೇ: ಕೆಲವು ಗಂಟೆ ಪಾಪೆಯನ್ನು ಕಿರಿದಾಗಿ ಇಡುತ್ತದೆ. ಮಸೂರ ಮೆತ್ತಗಾಗುವುದಿಲ್ಲ.

"ಕನ್ನಡಕ ಹಾಕಿದ್ರೆ ಅಭ್ಯಾಸ ಆಗ್ಬಿಡತ್ತೆ ಮೇಡಂ, ನಂಬರ್ ಜಾಸ್ತಿ ಆಗ್ತಾ ಹೋಗತ್ತೆ." ಈ ಮಾತು ಎಷ್ಟು ಬೇರೂರಿದೆ ಎಂದರೆ ಇದರಿಂದಲೇ ಜನ ವರ್ಷಗಟ್ಟಲೆ ತಳ್ಳುತ್ತಾರೆ. ನಂಬರ್ ಏರುವುದು ನಿಜ. ಶುರುವಿನಲ್ಲಿ ಪ್ಲಸ್ 1, ಅರವತ್ತರ ಹೊತ್ತಿಗೆ ಪ್ಲಸ್ 2.5ರ ಸುತ್ತಮುತ್ತ, ಅಲ್ಲಿಗೆ ಬಹುತೇಕ ನಿಲ್ಲುತ್ತದೆ. ಕನ್ನಡಕ ಹಾಕಿದರೂ ಇಷ್ಟೇ, ಹಾಕದಿದ್ದರೂ ಇಷ್ಟೇ.

ತಳ್ಳಿದ್ದರಿಂದ ಆಗುವ ನಷ್ಟ ನನಗೆ ಎದುರಿಗೇ ಕಾಣುತ್ತದೆ. ಬ್ಲೌಸ್ ಹೊಲಿಯುವ ಒಬ್ಬ ಹೆಣ್ಣುಮಗಳು ಬಂದಿದ್ದರು. ಕಪ್ಪು ಬಟ್ಟೆಯ ಆರ್ಡರ್ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದರು. ಕೈಹೊಲಿಗೆಗೆ ಮಗಳು ಶಾಲೆಯಿಂದ ಬಂದು ಸೂಜಿಗೆ ದಾರ ಪೋಣಿಸಿಕೊಡಬೇಕಿತ್ತು. ಅವರ ಪರ್ಸಿನಲ್ಲೇ ಇದ್ದ ಸೂಜಿ, ಕಪ್ಪು ದಾರ ತೆಗೆಸಿ, ಪ್ಲಸ್ 1.5ರ ಗ್ಲಾಸ್ ಇಟ್ಟೆ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಒಂದೇ ಸಲಕ್ಕೆ ಪೋಣಿಸಿದರು. ಆಮೇಲೆ ಬಿಚ್ಚಿ ಇನ್ನೊಂದು ಸಲ ಪೋಣಿಸಿದರು.

ಅಸ್ಸಾಂನ ಚಹಾ ತೋಟಗಳಲ್ಲಿ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನಲವತ್ತು ದಾಟಿದ ಎಲೆ ಕೀಳುವವರಿಗೆ ಹತ್ತಿರದ ಕನ್ನಡಕ ಕೊಟ್ಟಾಗ, ಕೊಡದವರಿಗಿಂತ ಅವರ ಕೆಲಸ ಶೇ. 21.7ರಷ್ಟು ಹೆಚ್ಚಿತು. ಬೀಡಿ ಕಟ್ಟುವವರು, ಇಳಕಲ್ಲಿನ ನೇಕಾರರು, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರು, ಇವರ ಕೆಲಸವೂ ಕಣ್ಣಿನ ಹತ್ತಿರದ್ದೇ. ಇವರಿಗೆ ಕನ್ನಡಕ ಎಂದರೆ ಕೂಲಿಯ ಮಾತು.

ಫುಟ್‌ಪಾತ್ ಮೇಲೆ, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ರೆಡಿಮೇಡ್ ಕನ್ನಡಕ ಕೆಟ್ಟದ್ದೇನಲ್ಲ, ಕಣ್ಣೂ ಹಾಳಾಗುವುದಿಲ್ಲ. ಎರಡೂ ಗಾಜಿಗೆ ಒಂದೇ ಪವರ್ ಇರುವುದರಿಂದ ಕೆಲವರಿಗೆ ತಲೆನೋವು ಬರುತ್ತದೆ, ಅಷ್ಟೇ. ನನ್ನ ಚಿಂತೆ ಬೇರೆ. ಅದನ್ನು ಕೊಂಡು ಸುಮ್ನೆ ಇದ್ದುಬಿಟ್ಟರೆ ಯಾರೂ ನಿಮ್ಮ ಕಣ್ಣಿನ ಒತ್ತಡ ನೋಡುವುದಿಲ್ಲ, ಹಿಂದಿನ ನರ ನೋಡುವುದಿಲ್ಲ. ಗ್ಲಾಕೋಮಾ, ಅಂದರೆ ಆ ನರ ಹಾಳಾಗುತ್ತ ಹೋಗುವ ಕಾಯಿಲೆ, ಹೆಚ್ಚಿನವರಲ್ಲಿ ನೋವಿಲ್ಲದೆ, ಅಂಚಿನಿಂದ ದೃಷ್ಟಿ ತಿನ್ನುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ಆದ್ದರಿಂದ ನಲವತ್ತಕ್ಕೆ ಒಂದು ಪೂರ್ತಿ ತಪಾಸಣೆ ಮಾಡಿಸಿಬಿಡಿ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಇನ್ನೂ ಮೊದಲೇ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ಸಕ್ಕರೆ ಏರಿಳಿಯುತ್ತಿದ್ದರೆ ಮಸೂರ ನೀರು ಹೀರಿ ಪವರ್ ಕೂಡ ಬದಲಾಗುತ್ತದೆ. ಹಿಡಿತಕ್ಕೆ ಬಂದು ಕೆಲವು ವಾರ ಕಳೆದ ಮೇಲೆ ಕನ್ನಡಕ ಮಾಡಿಸಿ. ಇನ್ನು ಅರವತ್ತರಲ್ಲಿ "ಈಗ ಕನ್ನಡಕವೇ ಬೇಡ, ಪೇಪರ್ ಹಾಗೇ ಓದ್ತೀನಿ" ಎಂದು ಖುಷಿಪಡುವವರು ತಕ್ಷಣ ತೋರಿಸಿ. ಹೆಚ್ಚಾಗಿ ಅದು ಪೊರೆ ಬೆಳೆಯುತ್ತಿರುವ ಗುರುತು.

ತಪಾಸಣೆಗೆ ಬರುವಾಗ ನಿಮ್ಮ ಕೆಲಸದ ದೂರವನ್ನು ಟೇಪಿನಲ್ಲಿ ಅಳೆದುಕೊಂಡು ಬನ್ನಿ. ಪುಸ್ತಕದ ಪವರ್ ಕಂಪ್ಯೂಟರಿಗೆ ಆಗುವುದಿಲ್ಲ, ಅದು ಇನ್ನೂ ಒಂದು ಗೇಣು ಆಚೆ ಇರುತ್ತದೆ. ಹೊಲಿಗೆ ಯಂತ್ರ, ಅಂಗಡಿಯ ಗಲ್ಲಾ, ವೀಣೆಯ ಮುಂದಿನ ಹಾಳೆ, ಯಾವುದೇ ಇರಲಿ, ಕಣ್ಣಿನಿಂದ ಅಲ್ಲಿಗೆ ಎಷ್ಟು ಸೆಂ.ಮೀ. ಎಂದು ಚೀಟಿಯಲ್ಲಿ ಬರೆದು ತಂದರೆ ಸರಿಯಾದ ಪವರ್ ಕೊಡಬಹುದು.